ಗೋಡೆಯ ಹಿಂದೆ ನಗುವ ಕೆಲಸ

ಗಾಳಿಕೊಪ್ಪ, 2231ನೆಯ ಇಸವಿ, ಫೆಬ್ರುವರಿ ಮೂವತ್ತು

ಹಿಂದಿನ ಕಾಲದ ಹಿರಿಯರಿಗೆ ಫಕೀರವ್ವನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರುವರಿಗೆ ದಿನ ಕಡಿಮೆ ಕೊಟ್ಟದ್ದು ಅನ್ಯಾಯವೆಂದು ನಮ್ಮವರು ಸರಿಪಡಿಸಿದ್ದಾರೆ. ಕಾಲದ ಹಿಂದಕ್ಕೆ ಕಾಗದ ಒಯ್ಯುವ ಹಿಂಟಪಾಲಿನಲ್ಲಿ ಒಂದೇ ಹಾಳೆಗೆ ಅವಕಾಶ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈ ಊರಿನ ಗೋಡೆನಗೆಯವಳು. ಹಾಗೆಂದರೇನೆಂದು ಹೇಳುತ್ತೇನೆ. ನಿಮ್ಮ ಕಾಲದ ಟೀವಿಯಿಂದ ನಮಗೆ ಉಳಿದು ಬಂದದ್ದು ಒಂದೇ ಹಾಸ್ಯ ಧಾರಾವಾಹಿ, ‘ಹದಿನಾರು ತಟ್ಟೆಯ ಮನೆ’. ನಿಮ್ಮ ಅಜ್ಜ ಅಜ್ಜಿಯರ ಕಾಲವನ್ನು ನೆನೆದು ನೀವು ಮಾಡಿದ್ದಂತೆ. ಅದರಲ್ಲಿ ಹದಿನಾರು ಜನ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಎಂಥ ಜಗಳವೂ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತದೆ. ಅಜ್ಜ ಒಂದು ಬುದ್ಧಿಮಾತು ಹೇಳುತ್ತಾನೆ, ತಪ್ಪು ಮಾಡಿದವರು ತಲೆ ತಗ್ಗಿಸುತ್ತಾರೆ, ಕಾಣದ ಜನ ಎಲ್ಲಿಂದಲೋ ಗೊಳ್ಳೆಂದು ನಗುತ್ತಾರೆ. ಹಿಂದಿನವರೆಲ್ಲ ಹಾಗೇ ಬದುಕಿದರೆಂದು ನಂಬಿ ನಮ್ಮ ಹಿರಿಯರು ಅದನ್ನೇ ಊರಿನ ಪದ್ಧತಿ ಮಾಡಿದರು. ಮನೆಜಗಳ ಚಾವಡಿಗೆ ಬಂದರೆ ಮೊದಲು ಅದಕ್ಕೊಪ್ಪುವ ಕಂತು ತೋರಿಸುವುದು, ಆಮೇಲೆ ಇಪ್ಪತ್ತೆರಡು ನಿಮಿಷ ವಾದ. ಕಾಣದೆ ನಕ್ಕವರು ನೆರೆಹೊರೆಯವರೇ ಇರಬೇಕೆಂದು ಊಹಿಸಿ, ಚಾವಡಿಯ ಗೋಡೆಯ ಹಿಂದೆ ಒಬ್ಬರನ್ನು ನಿಲ್ಲಿಸಿದರು. ಮೂವತ್ತು ವರ್ಷದಿಂದ ಅಲ್ಲಿ ನಿಂತು ನಗುವವಳು ನಾನು. ನಾನು ನಕ್ಕರೆ ಕಂತಿನಲ್ಲಿ ಆದ ಪ್ರಕಾರವೇ ನ್ಯಾಯ ಮುಗಿದಂತೆ. ಮತ್ತೆ ಯಾರೂ ತುಟಿ ಬಿಚ್ಚುವಂತಿಲ್ಲ.

ಸುಳ್ಳು ಹೇಳಲಾರೆ, ಒಳ್ಳೆಯದೂ ಆಗಿದೆ. ಜೊತೆಯಲ್ಲಿ ಉಣ್ಣುವುದನ್ನು, ಕ್ಷಮೆ ಕೇಳುವುದನ್ನು ನಾವು ಕಲಿತದ್ದು ಆ ಹದಿನಾರು ಜನರಿಂದಲೇ.

ಹೋದ ತಿಂಗಳು ಸಾವಂತ್ರವ್ವನ ಜಗಳ ಬಂತು. ಅವಳು ಗಾಳಿಕಂಬ ಹತ್ತಿ ರಿಪೇರಿ ಮಾಡುವವಳು. ಆ ಕಂಬಗಳ ರೆಕ್ಕೆ ತಿರುಗಿದರೇನೇ ನಮ್ಮೂರಲ್ಲಿ ದೀಪ. ಅತ್ತೆ ನಿಂಗವ್ವ, ಕೆಲಸ ಬಿಡು ಎಂದು ಪಟ್ಟು ಹಿಡಿದಿದ್ದಳು. ಚಾವಡಿಯ ಹಿರಿಯ ಚನ್ನವೀರಪ್ಪ ತೋರಿಸಿದ ಕಂತಿನಲ್ಲಿ ಸೊಸೆ ನೌಕರಿ ಬಿಟ್ಟು ನಗುನಗುತ್ತ ಎಲ್ಲರಿಗೂ ಚಹಾ ತರುತ್ತಾಳೆ.

“ನೋಡಿದೆಲ್ಲವಾ, ಹೆಂಗ ಹೊಂದ್ಕೊಂಡ್ಳು,” ಎಂದ ಆತ.

“ಚಾ ತಂದದ್ದು ಖರೆ, ಕಾಕಾ,” ಎಂದಳು ಸಾವಂತ್ರವ್ವ. “ಅಡಗಿಮನ್ಯಾಗ ಒಬ್ಬಾಕಿನ ನಿಂತು ಏನ್ ಅನ್ಕೊಂಡ್ಳು, ಅದನ್ನ ಯಾರರ ನೋಡೀರೇನು?”

ಇಪ್ಪತ್ತೆರಡು ನಿಮಿಷ ಮುಗಿದು ಗಂಟೆ ಬಾರಿಸಿದರು. ನಾನು ನಕ್ಕರೆ ಆ ಹುಡುಗಿ ಮತ್ತೆಂದೂ ಕಂಬ ಹತ್ತುವಂತಿಲ್ಲ. ನಾನು ನಗಲಿಲ್ಲ.

“ಫಕೀರವ್ವಾ, ನಿದ್ದಿ ಹತ್ತೇತೇನ ನಿನಗ?” ಎಂದು ಚನ್ನವೀರಪ್ಪ ಕೂಗಿದ.

“ಇಲ್ಲೋ ತಮ್ಮಾ, ನಗಿ ಬರವಲ್ದು. ಇನ್ನೂ ಮಾತಾಡ್ರಿ,” ಎಂದೆ.

ಮಾತು ಮೂರು ದಿನ ನಡೆಯಿತು. ಮೊದಲ ದಿನವೆಲ್ಲ ಬೈಗಳು, ಎರಡನೆಯ ದಿನ ಹಳೆಯ ಸಿಟ್ಟು. ಮೂರನೆಯ ದಿನ ನಿಂಗವ್ವ ಸೆರಗನ್ನು ಬಾಯಿಗೊತ್ತಿಕೊಂಡು, ತವರಿನಲ್ಲಿ ತನ್ನ ತಂಗಿ ಅಂಥದೇ ಕಂಬದಿಂದ ಬಿದ್ದು ಸತ್ತದ್ದನ್ನು ಹೇಳಿದಳು. ಸೊಸೆಗೆ ಅದು ಗೊತ್ತೇ ಇರಲಿಲ್ಲ. ಈಗ ಸಾವಂತ್ರವ್ವ ಕಂಬ ಹತ್ತುತ್ತಾಳೆ. ಹತ್ತುವ ಮೊದಲು ಅವಳ ಸೊಂಟದ ಹಗ್ಗವನ್ನು ಅತ್ತೆಯೇ ಎಳೆದೆಳೆದು ನೋಡುತ್ತಾಳೆ. “ಗಂಟು ಸಡ್ಲ ಐತಿ, ಕಟ್ಟಾಕ ಕಲಿಸ್ಲಿಲ್ಲೇನ ನಿಮ್ಮವ್ವ” ಎಂದು ದಿನವೂ ಬೈಯುತ್ತಾಳೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಚೆಂದದ ಧಾರಾವಾಹಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಅಜ್ಜಿ ಬದುಕಿದ್ದರೆ ಈ ವಾರವೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಯಾವ ಜಗಳದಲ್ಲಿ ಸೋತಳು, ಯಾವುದರಲ್ಲಿ ಗೆದ್ದಳು, ಯಾವುದು ಇನ್ನೂ ಮುಗಿದಿಲ್ಲ ಎಂದು ಕೇಳಿ ಬರೆದಿಡಿ. ಮುಗಿಯದ್ದನ್ನೂ ಕಳಿಸಿ. ಕೇಳುವುದಕ್ಕೆ ನಮ್ಮ ಚಾವಡಿಯಲ್ಲಿ ಈಗ ಬೇಕಾದಷ್ಟು ಹೊತ್ತಿದೆ.