ವಾಪಸ್ ಹೋದ ರೆಕಾರ್ಡುಗಳು

ಇವಳೇ,

ಮಗಳ ಕಾಟ ತಾಳಲಾರದೆ ಮೊನ್ನೆ ಕಿವಿಗೆ ಮೆಷಿನ್ನು ಹಾಕಿಸಿಕೊಂಡೆ. ಬರುವ ದಾರಿಯಲ್ಲಿ ನಮ್ಮ ಮಾಮೂಲಿ ರೆಕಾರ್ಡಿನ ಅಂಗಡಿಯಲ್ಲಿ ಒಂದು ಜಾಝ್ ರೆಕಾರ್ಡು ಕೊಂಡು, ಮನೆಗೆ ಬಂದವನೇ ಹಚ್ಚಿದೆ. ಹಳೆಯದಲ್ಲ, ಈಚೆಗೆ ಮತ್ತೆ ಅಚ್ಚು ಹಾಕಿದ್ದು. ಹೊಸ ಅಚ್ಚಿನ ಬಗ್ಗೆ ನನ್ನ ತೀರ್ಪು ನಿನಗೆ ಗೊತ್ತಲ್ಲ: ಟೋಟಲಿ ಡೆಡ್, ಕಂಬಳಿ ಹೊದಿಸಿ ಬಾರಿಸಿದ ಹಾಗೆ. ಈ ಸಲ ಡ್ರಮ್ಮಿನವನ ಹಿತ್ತಾಳೆ ತಟ್ಟೆ ಕಾದ ಬಾಣಲೆಗೆ ನೀರು ಹನಿಸಿದ ಹಾಗೆ ಚುರುಚುರು ಅಂದಿತು.

ಮತ್ತೆ ಅದೇ ಅಂಗಡಿಗೆ ಹೋಗಿ, "ಅಂತೂ ಅಚ್ಚು ಸುಧಾರಿಸಿದೆ ಕಣಯ್ಯ" ಅಂದೆ.

ಅಂಗಡಿಯವನು ನಕ್ಕ. "ಸಾರ್, ಇದು ನೀವು ಹಿಂದೆ ಬೈದು ವಾಪಸ್ ಕೊಟ್ಟಿದ್ದೇ! ಅಮ್ಮಾವ್ರು ಇದ್ದಾಗಲೇ ಹೇಳಿದ್ರು, 'ಅವರಿಗೆ ಕಿವಿ ಮಂದ, ಹೇಳಿದ್ರೆ ಎಗರಾಡ್ತಾರೆ. ಏನು ತಂದ್ರೂ ಸುಮ್ನೆ ಇಸ್ಕೊಂಡ್ಬಿಡಿ' ಅಂತ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಂಥದ್ದಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ ಹೇಳಿಕೊಟ್ಟಿದ್ದರು, 'ಐರ' ಅಂತ ಶುರುವಾಗುತ್ತಿತ್ತು, ಮಿಕ್ಕದ್ದು ಮರೆತಿದೆ.

ಕಿವಿ ಡಾಕ್ಟರು ಹೇಳುವುದು, ಮೊದಲು ಕೈಬಿಡುವುದು ಸಣ್ಣ ಸದ್ದುಗಳಂತೆ: ತಾಳದ ತಟ್ಟೆ, ಹಕ್ಕಿ, ಪಿಸುಮಾತು. ಇರಬಹುದು, ಅವರು ಓದಿದವರು.

ಆಸ್ಪತ್ರೆಯಲ್ಲಿ ಆ ಕೊನೆಯ ಬೆಳಿಗ್ಗೆ ನೀನು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಏನೋ ಕೇಳಿದೆ. ನಾನು "ಹೂಂ, ಆಗಲಿ" ಅಂದೆ. ನೀನು ಸಮಾಧಾನವಾದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಯಾವುದಕ್ಕೆ ಒಪ್ಪಿಕೊಂಡೆ ಅಂತ ಗೊತ್ತಿದ್ದಿದ್ದರೆ, ಇಷ್ಟು ಹೊತ್ತಿಗೆ ಮಾಡಿ ಮುಗಿಸಿರುತ್ತಿದ್ದೆ.