ಅಳಿಯ ಮೂರನೇ ಸಲ ಹೋಗೋ ಮಾತು

ಕಮಲಾಪುರ
ತಾ. ೧೯-೨-೨೦೧೦, ಶುಕ್ರವಾರ

ಮಗಳು ಶಾಂಭವಿಗೆ ನಿಮ್ಮಪ್ಪನ ಆಶೀರ್ವಾದ.

ಹೆಂಗಿದ್ದೀ ತಾಯಿ? ಕಾಲಿನ ಬಾವು ಇಳೀತೋ ಇಲ್ಲೋ? ಐದನೇ ತಿಂಗಳಿಗೆ ಹಂಗ ಆಗ್ತೈತಿ, ಅಂಜಬ್ಯಾಡ, ಮಲಗುವಾಗ ಕಾಲ ಕೆಳಗ ದಿಂಬು ಇಟ್ಕೋ ಅಂತ ನಿಮ್ಮವ್ವ ಹಿಂದ ನಿಂತು ಬರೆಸಾಕತ್ಯಾಳ. ಹುಳಿ ತಿನ್ನಬೇಕು ಅನ್ನಿಸಿದ್ರ ತಿನ್ನು, ಡಾಕ್ಟರ್ ಪ್ರವಾಸ ಬ್ಯಾಡ ಅಂದಮ್ಯಾಲ ಊರಿಗೆ ಬರೋ ಹಟ ಬಿಡು. ಇಲ್ಲಿ ನಾವು ಆರಾಮ ಅಂತ ಬರೀಬೇಕು, ಬರೆದೀನಿ. ಅವ್ವನ ಮಂಡಿನೋವು ಹಂಗೇ ಐತಿ. ನನಗ ಕೆಮ್ಮು. ಹೊಸಪೇಟಿಗೆ ಹೋಗಿ ಬಂದು ಮುಖ ಒರೆಸ್ಕೊಂಡ್ರ ಟವೆಲ್ಲು ಕೆಂಪಾಗ್ತದ, ಅಷ್ಟು ಅದಿರಿನ ಧೂಳು. ನಿಮ್ಮಣ್ಣ ಶಂಭುಲಿಂಗ ಸಂಡೂರಿನ ಅದಿರು ಹೊಡೆಯೋ ಲಾರಿ ಮ್ಯಾಲೇ ಇದ್ದಾನ. ಮನಿಗೆ ಬಂದ್ರ ಊಟ, ನಿದ್ದಿ, ಮಾತಿಲ್ಲ. ನಮ್ಮ ಅಕ್ಕಿ ಗಿರಣಿಗೆ ಆಳು ಸಿಗಂಗಿಲ್ಲ. ಎಲ್ಲಾರೂ ಅದಿರು ಆರಿಸಾಕ ಗುಡ್ಡದ ಕಡೆ ಹೋಗಿಬಿಟ್ಟಾರ. ಆಳು ಸಿಕ್ಕ ದಿನ ಓಡಿಸ್ತೀನಿ, ಸಿಗದ ದಿನ ಬೀಗ. ಭಾಳ ದಣಿವು ಮಗಳ, ವಯಸ್ಸಿಂದೋ ಧೂಳಿಂದೋ ತಿಳೀವಲ್ದು.

ಈ ಪತ್ರ ನಿನ್ನ ಗಂಡನ ಕೈಯಾಗೇ ಕೊಟ್ಟು ಕಳಸ್ತೀನಿ. ರೂಬೆನ್ ನಾಳೆ ಸಂಜಿ ಗಾಡಿಗೆ ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾಲೆಂಡಿನ ವಿಮಾನ ಹತ್ತತಾನ. ಅವನ ಸುದ್ದಿ ಅವನ ಬ್ಯಾಗಿನ್ಯಾಗೇ ಹೋಗೋದು ನೋಡು. ಕನ್ನಡ ನಾಲ್ಕು ಮಾತು ಆಡ್ತಾನ, ಓದಾಕ ಬರಂಗಿಲ್ಲ, ಅದೇ ನನಗ ಧೈರ್ಯ. ಫೋನಿನ್ಯಾಗ ನೀನು ಕೇಳಿದಾಗೆಲ್ಲ ಅವನು ಮಗ್ಗಲಕ್ಕೇ ಕುಂತಿರತಿದ್ದ, ನಾನು ಏನಂತ ಹೇಳಲಿ? ಹಿಂದಿನ ಸಲ ನೀವಿಬ್ಬರೂ ಬಂದಾಗ ‘ಅಳಿಯಂದ್ರು’ ಅಂತ ಬಹುವಚನದಾಗ ಮಾತಾಡ್ಸಿದ್ದೆ. ಈ ಸಲ ಏಕವಚನ ತಾನಾಗೇ ಬರ್ತೈತಿ, ಬ್ಯಾಸರ ಮಾಡ್ಕೋಬ್ಯಾಡ. ಮನಿಮಗನಂಗ ಇದ್ದ. ಶಿವರಾತ್ರಿ ದಿನ ಅವ್ವನ ಜೋಡಿ ಉಪವಾಸ ಮಾಡಿದ. ಕಮಲಾಪುರದ ಮಂದಿಗೆ ಈಗ ಅವನು ರೂಬಣ್ಣ.

ಅವನನ್ನ ಒಬ್ಬನ್ನೇ ಇಲ್ಲಿಗೆ ಯಾಕ ಕಳಿಸಿದಿ ಅಂತ ನನಗ ಗೊತ್ತು. “ಅಪ್ಪಾ, ನೀನು ಹೇಳಿದ್ರ ಕೇಳ್ತಾನ, ಮಿಲಿಟರಿ ಕರಾರಿಗೆ ಮತ್ತ ಸಹಿ ಹಾಕಬ್ಯಾಡ ಅನ್ನು” ಅಂದಿದ್ದಿ. ಎರಡು ಸಲ ಆಫ್ಘಾನಿಸ್ತಾನಕ್ಕ ಹೋಗಿ ಬಂದವನು. ನಿಮ್ಮ ಹಾಲೆಂಡಿನ ಸೈನ್ಯ ಈ ವರ್ಷ ವಾಪಸ್ ಬರಬೇಕು, ಆದ್ರ ನ್ಯಾಟೋ ಕೂಟದವರು ಇನ್ನಷ್ಟು ದಿನ ಇರ್ರಿ ಅಂತ ಕೇಳ್ಯಾರ, ಇರಬೇಕೋ ಬಿಡಬೇಕೋ ಅಂತ ನಿಮ್ಮ ಸರ್ಕಾರದಾಗೇ ಜಗಳ ಹತ್ತೈತಿ. ಇರೋದು ಅಂತಾದ್ರ ರೂಬೆನ್ ಮೂರನೇ ಸಲ ಹೋಗಬೇಕು. ಅಷ್ಟರಾಗ ಅವನ ಕರಾರು ಮುಗೀತದ, ಮತ್ತ ಸಹಿ ಹಾಕದಿದ್ರ ಉಳಕೊಂಡ. ಇಷ್ಟೇ ಅಲ್ಲೇನು? ಇಷ್ಟನ್ನ ಇಟ್ಕೊಂಡು ನಾನು ಅವನಿಗೆ ಬುದ್ಧಿ ಹೇಳಾಕ ಹೊಂಟಿದ್ದೆ.

ರೂಬೆನ್ ಬಂದ ಮೊದಲನೇ ವಾರದಾಗ ಒಂದು ದಿನ ಶಂಭುಲಿಂಗನ ಲಾರಿಯಾಗ ಸಂಡೂರಿಗೆ ಬರ್ತೀನಿ ಅಂದ. ಅಲ್ಲೂ ಅವನದು ಸೈನ್ಯಕ್ಕ ಸಾಮಾನು ಒಯ್ಯೋ ಲಾರಿ ಹೊಡೆಯೋ ಕೆಲಸಾನೇ ಅಲ್ಲೇನು, ಆಸೆ ಇರಬೇಕು ಅಂತ ನಾನೂ ಜೋಡಿ ಹತ್ತಿದೆ. ದಾರಿ ತುಂಬ ಲಾರಿ, ಒಂದರ ಬಾಲಕ್ಕ ಒಂದು. ಒಂದು ಕಡೆ ಯಾರೋ ರಸ್ತೆ ಅಂಚಿಗೆ ಅಗೆದು ಮುಚ್ಚಿದ್ರು, ಹಸಿ ಮಣ್ಣಿನ ಮ್ಯಾಲ ಹಳದಿ ಎಣ್ಣಿ ಡಬ್ಬಿ ಇತ್ತು. ನಮಗ ಅದೇನು? ನಮ್ಮ ಕಣ್ಣಿಗೇ ಬೀಳಲಿಲ್ಲ. ರೂಬೆನ್ ಸ್ಟೇರಿಂಗಿಗೆ ಕೈ ಹಾಕಿ ತನ್ನ ಭಾಷಾದಾಗ ಚೀರಿದ. ಶಂಭುಲಿಂಗ ಬ್ರೇಕ್ ತುಳಿದ. ನೋಡ್ತೀನಿ, ರೂಬೆನ್ ಕೆಳಗ ಜಿಗಿದು ಎರಡೂ ಕೈ ಚಾಚಿ ನಡು ರಸ್ತೆಯಾಗ ನಿಂತಾನ, ಯಾರನ್ನೂ ಮುಂದ ಬಿಡವಲ್ಲ. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಹೊಡೆದು ಕಿವಿ ಕಿತ್ತು ಹೋತು. ಬೆನ್ನ ಹಿಂದಿನ ಲಾರಿಯ ಡ್ರೈವರ್ ಮೂಕಣ್ಣ ಇಳಿದು ಬಂದು “ಲೇ ಶಂಭ್ಯಾ, ರಸ್ತೆ ನಿಮ್ಮಪ್ಪಂದೇನಲೇ?” ಅಂದ. ಅಪ್ಪ ಅಲ್ಲೇ ಕುಂತಿದ್ದೆ, ಪಾಪ ಅವನಿಗೆ ಕಾಣಲಿಲ್ಲ. ಆಮ್ಯಾಲ ರೂಬೆನ್ ಮುಖ ನೋಡಿದವನೇ ಮೂಕಣ್ಣ ಬೈಯೋದು ಬಿಟ್ಟ. ನಿಮ್ಮಣ್ಣ ಹೋಗಿ ಆ ಡಬ್ಬಿ ಒದ್ದು ಬರ್ತೀನಿ ಅಂದ್ರ ಮೂಕಣ್ಣನೇ ತಡೆದ. “ಬ್ಯಾಡಲೇ, ಅವ್ರಿಗೆ ಏನೋ ಕಾಣಾಕತ್ತೈತಿ, ನಿಂದ್ರು” ಅಂತ ಹೇಳಿ ಹಿಂದಿನವರಿಗೆ ಗಾಡಿ ಕೆಟ್ಟೈತಿ ಸುಮ್ನಿರ್ರಿ ಅಂತ ಕೂಗಿದ. ಅಷ್ಟರಾಗ ಕೇಬಲ್ ಹಾಕೋ ಹುಡುಗರು ಚಾ ಕುಡಿದು ಬಂದು ಡಬ್ಬಿ ಎತ್ತಿಕೊಂಡು ತಮ್ಮ ಪಾಡಿಗೆ ತಾವು ಹೋದ್ರು. ಕುಡಿಯೋ ನೀರಿನ ಡಬ್ಬಿ ಅದು. ಆಫ್ಘಾನಿಸ್ತಾನದಾಗ ಇಂಥಾ ಡಬ್ಬಿಯಾಗೇ ಬಾಂಬು ತುಂಬಿ ರಸ್ತೆಯಾಗ ಹೂಳ್ತಾರಂತ. ರೂಬೆನ್ ನಕ್ಕ. “ತಪ್ಪಾತು ಮಾವ” ಅಂದ, ಮನಿ ಮುಟ್ಟೋ ತನಕ ರಸ್ತೆ ಅಂಚನ್ನೇ ನೋಡ್ಕೋತ ಕುಂತಿದ್ದ. ಅವತ್ತೇ ನಿರ್ಧಾರ ಮಾಡಿದೆ, ಇವನನ್ನ ಮೂರನೇ ಸಲ ಕಳಸಬಾರದು ಅಂತ.

ಮೊನ್ನೆ ಬುಕ್ಕಸಾಗರದ ನಮ್ಮ ಗದ್ದೆಗೆ ಕರಕೊಂಡು ಹೋಗಿ ಬದುವಿನ ಮ್ಯಾಲ ಕುಂದರಿಸ್ಕೊಂಡೆ. ಅವನ ಇಂಗ್ಲಿಷು, ನನ್ನ ಹರಕು ಇಂಗ್ಲಿಷು, ನಡುವ ನೀನು ಕಲಿಸಿದ ಕನ್ನಡ, ಎಲ್ಲಾ ಕೂಡಿಸಿ ನನ್ನ ಮಾತಿನ್ಯಾಗ ಬರೀತೀನಿ. “ಅಲ್ಲಪ್ಪಾ, ಇಪ್ಪತ್ತೆಂಟು ದೇಶ ಕೂಡಿ ಮಾಡ್ಕೊಂಡ ಕೂಟ. ನಿಮ್ಮದು ಅಂಗೈಯಗಲದ ದೇಶ. ಕೆಲವರು ಸೈನಿಕರನ್ನ ಕಳಿಸ್ತಾರಂತ, ಗುಂಡು ಹಾರೋ ಕಡೆ ಬ್ಯಾಡ ಅಂತಾರಂತ. ಕೆಲವರು ಖರ್ಚಿಗೂ ಕೈ ಬಿಚ್ಚಂಗಿಲ್ಲ. ದೊಡ್ಡವರು ನೋಡಿದ್ರ ನೀವು ಮಾಡಿದ್ದು ಸಾಲದು ಅಂತಾರ. ಎಲ್ಲಾರ ಹೊರೆ ನೀನ್ಯಾಕ ಹೊರಬೇಕು?” ಅಂದೆ. ಪೇಪರಿನ್ಯಾಗ ಓದಿದ್ದನ್ನೆಲ್ಲ ಸುರಿದೆ. ಅವನು ತಲಿ ಅಲ್ಲಾಡ್ಸಿದ. “ನಮ್ಮ ಊರಾಗೂ ಇದನ್ನೇ ಅಂತಾರ ಮಾವ. ನಾವು ನಾಲ್ಕು ವರ್ಷ ಹೊತ್ತೀವಿ, ಈಗ ಬ್ಯಾರೇದವರ ಪಾಳಿ ಅಂತ. ಅದು ನ್ಯಾಯಾನೇ. ಆದ್ರ ಪಾಳಿ ಯಾರದು ಅಂತ ಕೇಳಿದ್ರ ಯಾರೂ ಕೈ ಎತ್ತವಲ್ರು” ಅಂದ. ಹಂಗಾದ್ರ ಈ ಕೂಟ ಒಡೀತದೇನು ಅಂತ ಕೇಳಿದೆ. “ಒಡಿಯಂಗಿಲ್ಲ. ಒಬ್ಬೊಬ್ಬರೇ ಇರಾಕ ಎಲ್ಲಾರಿಗೂ ಅಂಜಿಕಿ. ಆದ್ರ ಇನ್ನ ಮ್ಯಾಲ ಒಬ್ಬರು ಎಷ್ಟು ಎತ್ತಿದ್ರು ಅಂತ ಇನ್ನೊಬ್ಬರು ನೋಡ್ಕೋತ ಕುಂದರ್ತಾರ” ಅಂದ.

ಆಗ ನನಗ ನಮ್ಮ ಕಾಲುವಿ ನೆನಪಾತು. ಇವನಿಗೆ ತಿಳಿಯೋ ಹಂಗ ಹೇಳಾಕ ಅದೇ ಛಲೋ ಅಂತ ಶುರು ಮಾಡಿದೆ. ನೀನು ಐದನೇತ್ತೆ ಇದ್ದಿ ಆ ವರ್ಷ. ಬ್ಯಾಸಿಗ್ಯಾಗ ಹೂಳು ತಗಿಯಾಕ ಎಲ್ಲಾ ಊರಿನ ಆಳು ಸೇರಬೇಕು, ಅದು ಹಿಂದಿನಿಂದ ಬಂದ ರೂಢಿ. ಆ ವರ್ಷ ಮ್ಯಾಲಿನ ಊರವರು ಬರಲಿಲ್ಲ, ನಮ್ಮ ಹೊಲಕ್ಕ ನೀರು ಹೆಂಗೂ ಬರ್ತದ, ನಾವ್ಯಾಕ ಅಗೀಬೇಕು ಅಂದ್ರು. ಅವರು ಬರದಿದ್ರ ನಾವೂ ಇಲ್ಲ ಅಂತ ನಮ್ಮೂರು, ನಮ್ಮನ್ನ ನೋಡಿ ಇನ್ನೊಂದು ಊರು. ನೋಡು, ಹಂಗ ಗಟ್ಟಿಯಾಗಿ ಕುಂದರಬೇಕು ಅಂತ ನಾನು ಮಾತು ಮುಗಿಸಿದೆ. ರೂಬೆನ್ “ಆಮ್ಯಾಲ?” ಅಂದ.

ಆಮ್ಯಾಲಿಂದು ಹೇಳೋ ವಿಚಾರ ನನಗ ಇರಲೇ ಇಲ್ಲ. ಕೇಳಿದ ಮ್ಯಾಲ ಸುಳ್ಳು ಹೇಳಾಕ ಬರಲಿಲ್ಲ. ಕಾಲುವಿ ಕೊನೀಗೆ ಚೆನ್ನಬಸಮ್ಮನ ಗದ್ದೆ ಇತ್ತಲ್ಲ, ಆಕೀ ಮಕ್ಕಳು ಆ ವರ್ಷಾನೂ ಸಲಿಕಿ ತಗೊಂಡು ಬಂದಿದ್ರು, ಅವರಿಬ್ಬರೇ ಬಂದಿದ್ರು. ನೀರು ಕೊನೀ ತನಕ ಹರೀಲಿಲ್ಲ. ತೆನಿ ಹಾಲು ತುಂಬೋ ಹೊತ್ತಿಗೆ ಆಕೀ ಭತ್ತ ಒಣಗಿ ಹೋತು. ಯಾರ ಜೋಡೀನೂ ಜಗಳ ಆಡದ ಹೆಣ್ಣುಮಗಳು, ಗದ್ದೆ ಬಿಟ್ಟು ಕಂಪ್ಲಿ ಕಡೆ ಕೂಲಿಗೆ ಹೋದ್ಲು. ರೂಬೆನ್ ಮಣ್ಣಿನ ಹೆಂಟಿ ಪುಡಿ ಮಾಡ್ಕೋತ ಕುಂತಿದ್ದ. “ಆಫ್ಘಾನಿಸ್ತಾನದಾಗ ನನ್ನ ಲಾರಿಯಾಗ ನಜೀಬ್ ಅಂತ ಒಬ್ಬ ಇರತಿದ್ದ ಮಾವ. ಅವರ ಮಾತು ನಮಗ, ನಮ್ಮ ಮಾತು ಅವರಿಗೆ ಹೇಳೋನು. ಎರಡು ಹೆಣ್ಣುಮಕ್ಕಳು. ನಮ್ಮ ಜೋಡಿ ಕೆಲಸ ಮಾಡ್ಯಾನ ಅಂತ ಊರಿಗೆಲ್ಲ ಗೊತ್ತು, ಅಂಥವರನ್ನ ವೈರಿಗಳು ಜೀವಂತ ಬಿಡಂಗಿಲ್ಲ. ನಾವು ಬಂದ್ಬಿಡ್ತೀವಿ, ಅವನು ಅಲ್ಲೇ ಇರ್ತಾನ” ಅಂದ.

ಹುಟ್ಟೋ ಕೂಸಿಗೆ ಏನು ಹೇಳ್ತಿ ಅಂತ ಕೇಳಿದೆ. ನಾನು ನಿನ್ನ ಅಪ್ಪ, ಕೇಳದೇ ಹೆಂಗ ಬಿಡಲಿ? “ಅದಕ್ಕೇ ನಿದ್ದಿ ಬರಂಗಿಲ್ಲ. ಹೋದ್ರ ಶಾಂಭವಿಗೆ ತಪ್ಪು ಮಾಡಿದಂಗ, ಬಿಟ್ರ ನಜೀಬನಿಗೆ” ಅಂದ. ಸಹಿ ಹಾಕಬ್ಯಾಡ ಅನ್ನೋ ಮಾತು ನನ್ನ ಬಾಯಿಗೆ ಬಂದು ನಿಂತಿತು ಮಗಳ, ಹೊರಗ ಬರಲಿಲ್ಲ. ಹಾಕು ಅಂತ ಹೇಳಾಕ ನನಗೇನು ಹುಚ್ಚೇ? ಇಬ್ಬರೂ ಎದ್ದು ಬಂದ್ವಿ. ನೀನು ನಂಬಿ ಒಪ್ಪಿಸಿದ ಕೆಲಸ ನನ್ನಿಂದ ಆಗಲಿಲ್ಲ. ಇದನ್ನ ಬರಿಯಾಕೇ ಇಷ್ಟು ದೂರ ಸುತ್ತಿ ಬಂದೆ. ಸಹಿ ಹಾಕ್ತಾನೋ ಬಿಡ್ತಾನೋ ನನಗ ಗೊತ್ತಿಲ್ಲ. ನೀವಿಬ್ಬರೂ ಎದುರಾಬದುರಾ ಕುಂತು ಮಾತಾಡ್ರಿ. ನಡುವ ನನ್ನನ್ನ ಇಡಬ್ಯಾಡ, ನನಗ ಶಕ್ತಿ ಸಾಲದು.

ಅವ್ವ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ ರೊಟ್ಟಿ ಕಟ್ಯಾಳ. ರೊಟ್ಟಿ ಮುರಿದ್ರ ಅಳಿಯನ್ನ ಬೈಬ್ಯಾಡ, ಬ್ಯಾಗು ಒಗಿಯೋರು ವಿಮಾನದವರು. ನಿಮ್ಮ ಅತ್ತೆಯವರಿಗೆ ನನ್ನ ಶರಣು ಹೇಳು. ಶಿವ ನಿನ್ನನ್ನೂ ಹೊಟ್ಟ್ಯಾಗಿನ ಕೂಸನ್ನೂ ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಅಪ್ಪ,
ಮರಿಸ್ವಾಮಿ

ತಾ. ಕ.: ಶನಿವಾರ ಬೆಳಿಗ್ಗೆ ಅವಸರದಾಗ ಬರೀತಿದ್ದೀನಿ. ರೂಬೆನ್‌ಗೆ ಅವನ ಗೆಳೆಯ ಹಾಲೆಂಡಿನಿಂದ ಫೋನ್ ಮಾಡಿದ್ದ. ಇದೇ ಜಗಳಕ್ಕ ನಿಮ್ಮ ಸರ್ಕಾರ ಬಿದ್ದು ಹೋತಂತ, ಇನ್ನ ಸೈನ್ಯ ವಾಪಸ್ ಬರೋದೇ ಅಂತ. ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ನಿನಗೆಲ್ಲಾ ಗೊತ್ತಿರ್ತದ. ನಿಮ್ಮವ್ವ ಓಡಿ ಹೋಗಿ ಅವನ ಬಾಯಿಗೆ ಸಕ್ಕರಿ ಹಾಕಿದ್ಲು. ಆಕೀ ಸಲುವಾಗಿ ನಕ್ಕು ತಿಂದ. ಆಮ್ಯಾಲ ಗಿರಣಿ ಹಿಂದ ಹೋಗಿ ನಜೀಬನಿಗೆ ಫೋನ್ ಹಚ್ಚಿದ. ಏನು ಮಾತಾಡಿದ್ರೋ ಗೊತ್ತಿಲ್ಲ, ಮಾತು ಮುಗಿದು ಭಾಳ ಹೊತ್ತಾದ್ರೂ ಫೋನು ಕೈಯಾಗ ಹಿಡಕೊಂಡು ಮೆಟ್ಟಿಲ ಮ್ಯಾಲ ಕುಂತಿದ್ದ. ಶಂಭುಲಿಂಗ ಇವತ್ತು ಲಾರಿಗೆ ಹೋಗದೇ ಅವನ ಮಗ್ಗಲಕ್ಕ ಕುಂತ. ಶಾಂಭವೀ, ನಿನಗ ಖುಷಿ ಆಗಿರ್ತದ, ಆಗಲಿ, ನಮಗೂ ಆಗೈತಿ. ಅವನ ಮುಂದ ಮಾತ್ರ ‘ಸದ್ಯ ಪಾರಾದ್ವಿ’ ಅನಬ್ಯಾಡ. ಈಗಾಗಲೇ ಅಂದಿದ್ರ ಇರಲಿ, ಇನ್ನೊಂದು ಸಲ ಅನಬ್ಯಾಡ. ಅವನು ನಜೀಬನ ಹೆಸರು ತಗದಾಗ ಎದ್ದು ಒಳಗ ಹೋಗಬ್ಯಾಡ ತಾಯಿ. ಕುಂತು ಕೇಳು.