ಎರಡು ಸುಳಿಯ ತಲೆ

ಗುರುವಾರ, ಮಧ್ಯಾಹ್ನ

ಗೀಚೀ,

ಅಮ್ಮನ ಆಶೀರ್ವಾದ. ನಾವಿಲ್ಲಿ ಕ್ಷೇಮ ಎಂದು ಶುರು ಮಾಡುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ. ಈಗ ಅವರು ಮನೆಯಲ್ಲಿಲ್ಲ. ಎಲ್ಲಿಗೆ ಹೋಗಿದ್ದಾರೆ ಎನ್ನುವುದೇ ಈ ಕಾಗದದ ವಿಷಯ.

ನಿನ್ನ ಪುಸ್ತಕ ಬಂದು ಸೇರಿತು. ಗೋಡೆ ತುಂಬ ಗೀಚಿ ನನ್ನ ಕೈಲಿ ಒದೆ ತಿಂದವಳ ಹೆಸರು ರಟ್ಟಿನ ಮೇಲೆ ಅಚ್ಚಾಗಿರುವುದನ್ನು ನೋಡಿ ಹೊಟ್ಟೆ ತಣ್ಣಗಾಯಿತು. 'ದೊಡ್ಡವರಿಗಾಗಿ ಸಣ್ಣ ಚಿತ್ರಕಥೆಗಳು' ಎಂದು ನೀನು ಅಷ್ಟು ದಪ್ಪಕ್ಷರದಲ್ಲಿ ಹಾಕಿಸಿದ್ದರೂ, ಚಿತ್ರ ಇದೆಯೆಂದ ಮೇಲೆ ಮಕ್ಕಳದ್ದೇ ಇರಬೇಕು ಎಂದು ಎದುರುಮನೆ ಟೀಚರಮ್ಮ ಮೊಮ್ಮಗಳಿಗೆ ತೋರಿಸಲು ಒಯ್ದರು. ಹೋದಷ್ಟೇ ವೇಗವಾಗಿ ಟವೆಲಿನಲ್ಲಿ ಸುತ್ತಿ ವಾಪಸ್ಸು ತಂದರು. ಎರಡನೆಯ ಕಥೆಯಲ್ಲಿ ಗಂಡ ಹೆಂಡತಿ ಮೈಮೇಲೆ ನೂಲೂ ಇಲ್ಲದೆ ಕೂತು ಮನೆ ಸಾಮಾನು ಪಾಲು ಮಾಡಿಕೊಳ್ಳುತ್ತಾರಲ್ಲ, ಅದನ್ನು ನೋಡಿ. ನಿಮ್ಮ ಹುಡುಗಿ ಕೈ ಚೆನ್ನಾಗಿದೆ, ಬಟ್ಟೆ ಬರೆಯೋಕೆ ಮಾತ್ರ ಸೋಮಾರಿ ಅಂದರು. ನಾನು ನಕ್ಕೆ. ಆ ಕಥೆ ನನಗೆ ಹಿಡಿಸಿತು. ಕುಕ್ಕರ್ ನಿನಗೆ, ಮುಚ್ಚಳ ನನಗೆ ಎನ್ನುವ ಜಗಳ ಯಾವ ಮನೆಯಲ್ಲಿ ಇಲ್ಲ? ಲಿಫ್ಟಿನ ಕಥೆ ಮಾತ್ರ ತಲೆಗೆ ಹತ್ತಲಿಲ್ಲ. ನನ್ನದೇ ದಡ್ಡತನವಿರಬೇಕು, ಬೇಜಾರು ಮಾಡಿಕೊಳ್ಳಬೇಡ.

ಇನ್ನು ಕೊನೆಯ ಕಥೆ, ಛತ್ರಿ ರಿಪೇರಿ ಅಂಗಡಿಯದ್ದು. ಅದರಲ್ಲಿ ಒಂದು ಮಾತೂ ಇಲ್ಲ. ಒಬ್ಬ ಬೆಳಗ್ಗೆ ಶಟರ್ ಎತ್ತುತ್ತಾನೆ, ಮುರಿದ ಕಡ್ಡಿ ಬದಲಾಯಿಸುತ್ತಾನೆ, ಉಣ್ಣುತ್ತಾನೆ, ಗಿರಾಕಿಗೆ ಚಿಲ್ಲರೆ ಕೊಡುತ್ತಾನೆ, ಸಂಜೆ ಶಟರ್ ಎಳೆಯುತ್ತಾನೆ. ಅಷ್ಟೇ. ಆ ಮನುಷ್ಯ ನಿಮ್ಮಣ್ಣ ಎಂದು ನನಗೆ ಮೊದಲ ಚೌಕದಲ್ಲೇ ಗೊತ್ತಾಯಿತು. ಊಟಕ್ಕೆ ಬರ್ತೀನಿ ಎಂದು ಹೇಳಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೊರಗೆ ಕಾಲಿಟ್ಟವನು ಇವತ್ತು ಹೇಗೆ ಕಾಣುತ್ತಿದ್ದನೋ, ಹಾಗೆ ಬರೆದಿದ್ದೀಯ. ಕೆನ್ನೆ ಸ್ವಲ್ಪ ಜೋತಿದೆ, ಹೊಟ್ಟೆ ಸ್ವಲ್ಪ ಬಂದಿದೆ. ತಂಗಿಗೆ ಅಣ್ಣನ ನೆನಪಾಗಿದೆ ಎಂದುಕೊಂಡೆ. ಪುಸ್ತಕ ಮುಚ್ಚಿಟ್ಟು ಪಾತ್ರೆ ತೊಳೆಯಲು ಹೋದೆ.

ನಿಮ್ಮಪ್ಪ ಬೊಂಬೆ ಪುಸ್ತಕ ಮುಟ್ಟುವವರಲ್ಲ. ಆದರೆ ಮಗಳ ಹೆಸರು ಅಚ್ಚಾಗಿದೆಯಲ್ಲ, ಕ್ಷೌರದಂಗಡಿಯಿಂದ ಬಂದವರೇ ಕೈತೊಳೆದು ಕೂತು ಹಾಳೆ ಮಗುಚಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, "ಇವಳು ಅವನನ್ನ ನೋಡಿದಾಳೆ ಕಣೇ" ಅಂದರು. ನನಗೆ ಯಾರನ್ನ ಎಂದು ಕೇಳುವ ಧೈರ್ಯ ಬರಲಿಲ್ಲ.

ಅವರ ವಾದ ಕೇಳು. ನಾಲ್ಕನೆಯ ಚೌಕದಲ್ಲಿ ಅವನು ಬಗ್ಗಿ ಛತ್ರಿಯ ಕಡ್ಡಿ ಸಿಕ್ಕಿಸುತ್ತಿದ್ದಾನೆ, ನೆತ್ತಿ ಕಾಣುತ್ತದೆ. ನೆತ್ತಿಯ ಮೇಲೆ ಎರಡು ಸುಳಿ. ಇವನಿಗೆ ಎರಡು ಮದುವೆ ಗ್ಯಾರಂಟಿ ಎಂದು ಬೀದಿಯವರೆಲ್ಲ ರೇಗಿಸುತ್ತಿದ್ದ ತಲೆ ಅದು. ಅಪ್ಪನ ಕತ್ತರಿ ಬಿಟ್ಟರೆ ಬೇರೆಯವರ ಕತ್ತರಿ ಕಾಣದ ತಲೆ. ಸುಳಿ ಇವಳಿಗೆ ನೆನಪಿರಬಹುದು, ಒಪ್ಪಿದೆ ಅಂತಾರೆ. ಆದರೆ ಅಂಥ ತಲೆಯಲ್ಲಿ ಕೂದಲು ಮೊದಲು ತೆಳ್ಳಗಾಗುವುದು ಹಣೆಯ ಹತ್ತಿರ ಅಲ್ಲವಂತೆ, ಎರಡು ಸುಳಿಗಳ ನಡುವೆಯಂತೆ. ನೀನು ಸರಿಯಾಗಿ ಅಲ್ಲೇ ಬಿಳಿ ಬಿಟ್ಟಿದ್ದೀಯಂತೆ. ಜೀವಮಾನವೆಲ್ಲ ಕ್ಷೌರ ಮಾಡಿದವನಿಗೆ ಗೊತ್ತಿರೋದು ಅವಳಿಗೆ ಹೇಗೆ ಗೊತ್ತಾಯ್ತು, ಕಣ್ಣಾರೆ ನೋಡದೆ ಬರೆಯೋಕೆ ಆಗುತ್ತಾ ಎಂದು ನನ್ನನ್ನೇ ಕೇಳಿದರು. ಮಸಿ ಮುಗಿದಿರಬೇಕು ರೀ, ಅದಕ್ಕೇ ಬಿಳಿ ಉಳಿದಿದೆ ಅಂದೆ. ಅವರು ನನ್ನನ್ನು ನೋಡಿದ ರೀತಿ ಹೇಳುವುದೇ ಬೇಡ.

ಮರುದಿನ ಕ್ಷೌರದ ಕತ್ತಿಯಲ್ಲೇ ಆ ಹಾಳೆಗಳನ್ನು ನೀಟಾಗಿ ಕೊಯ್ದುಕೊಂಡರು. ಅಂಗಡಿ ತೆರೆಯಲಿಲ್ಲ. ಅವತ್ತಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಆ ಹಾಳೆ ಇಟ್ಟುಕೊಂಡು ಬೀದಿ ಬೀದಿ ಸುತ್ತುತ್ತಿದ್ದಾರೆ. ನೀನು ಅಂಗಡಿಯ ಮುಂದೆ ಒಂದು ವಾಲಿದ ದೀಪದ ಕಂಬ ಬರೆದಿದ್ದೀಯಲ್ಲ, ವಾಲಿದ ಕಂಬ ಕಂಡಲ್ಲೆಲ್ಲ ನಿಂತು ವಿಚಾರಿಸುತ್ತಾರೆ. ಈ ಕಾಲದಲ್ಲಿ ಛತ್ರಿ ರಿಪೇರಿ ಮಾಡಿಸೋರು ಯಾರು ಯಜಮಾನ್ರೇ, ಹೊಸದೇ ತಗೋತಾರೆ ಎಂದು ಎಲ್ಲರೂ ಹೇಳಿ ಕಳಿಸಿದ್ದಾರೆ. ಅದಕ್ಕೇ ಹುಡುಕೋದು ಸುಲಭ, ಇರೋದೇ ನಾಲ್ಕು ಅಂಗಡಿ ಅಂತಾರೆ ಇವರು. ಪೊಲೀಸ್ ಠಾಣೆಗೂ ಹೋಗಿದ್ದರು. ಅಲ್ಲಿದ್ದ ಪೇದೆ ಹಾಳೆ ನೋಡಿ, ಛತ್ರಿಗಳನ್ನ ಹುಡುಕೋದೇ ನಮ್ಮ ಕೆಲಸ, ಆದ್ರೆ ಇದು ಬೊಂಬೆ ಚಿತ್ರ, ಫೋಟೋ ತನ್ನಿ ಅಂದನಂತೆ. ಪಕ್ಕದವರು ನಕ್ಕರಂತೆ. ಇವರು ಮಾತ್ರ, ಬರೆದಿರೋದು ಅವನ ಸ್ವಂತ ತಂಗಿ ಸ್ವಾಮಿ ಎಂದು ಹೇಳಿ ಬಂದಿದ್ದಾರೆ. ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಅಳು ಬಂತು.

ಪಾದ ಊದಿಕೊಂಡಿದೆ. ಚಪ್ಪಲಿ ಹಿಡಿಸುತ್ತಿಲ್ಲ. ಖಾಯಂ ಗಿರಾಕಿಯಾದ ಪೋಸ್ಟ್ ಮಾಸ್ಟರು ಅರ್ಧ ಗಡ್ಡ ಬಿಟ್ಟುಕೊಂಡು ಮನೆ ಬಾಗಿಲಿಗೇ ಬಂದು ವಿಚಾರಿಸಿ ಹೋದರು.

ಗೀಚೀ, ನಾವು ಒಗ್ಗಿಹೋಗಿದ್ದೆವು. ಆಗ ನೀನು ಚಿಕ್ಕವಳು, ನಿನಗೆ ಎಷ್ಟು ನೆನಪಿದೆಯೋ. ಆಸ್ಪತ್ರೆಯ ಹೆಣದ ಕೋಣೆಗಳಿಗೆ ನಿಮ್ಮಪ್ಪ ಹೋಗಿಬರುತ್ತಿದ್ದರು, ಅವನಲ್ಲ ಎಂದು ಹೇಳಿ ಸ್ನಾನಕ್ಕೆ ಹೋಗುತ್ತಿದ್ದರು. ಆಮೇಲೆ ಅದೂ ನಿಂತಿತು. ನಾನು ಎಂದೋ ಅವನಿಗೆ ಎಳ್ಳುನೀರು ಬಿಟ್ಟೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಒಬ್ಬಳೇ ಮಗಳು ಅನ್ನುತ್ತೇನೆ, ನಾಲಿಗೆ ತಡವರಿಸುವುದಿಲ್ಲ. ಅವರೂ ಹಾಗೆಯೇ ಇದ್ದಾರೆ ಎಂದುಕೊಂಡಿದ್ದೆ. ಇಲ್ಲ, ಅವರು ಸುಮ್ಮನಿದ್ದರು, ಅಷ್ಟೇ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೀನು ಬರೆದದ್ದು ಚಿತ್ರ, ಇಲ್ಲಿ ಎಳೆದದ್ದು ಬರೆ. ಅವನು ಸತ್ತ ಹಾಗೆ ಬರೆದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆವು. ದೊಡ್ಡ ಸಾಹುಕಾರನಾದ ಹಾಗೆ ಬರೆದಿದ್ದರೆ ಕಥೆ ಎಂದು ಬಿಡುತ್ತಿದ್ದೆವು. ನೀನು ಸುಖವನ್ನೂ ಬರೆಯಲಿಲ್ಲ, ಕಷ್ಟವನ್ನೂ ಬರೆಯಲಿಲ್ಲ. ಬೇಸರ ಹಿಡಿದ ಮುಖ, ಮಸಿ ಹತ್ತಿದ ಬೆರಳು, ಒಂದು ಮಾಮೂಲಿ ದಿನ. ಅದಕ್ಕೇ ಅವರು ನಂಬಿದ್ದು.

ಈಗ ಮುಖ್ಯ ಮಾತು. ಭಾನುವಾರದ ಬಸ್ಸಿಗೆ ನಿಮ್ಮಪ್ಪ ನಿನ್ನಲ್ಲಿಗೆ ಬರುತ್ತಿದ್ದಾರೆ. ಫೋನ್ ಮಾಡಿದರೆ ನೀನು ಮಾತು ಮರೆಸುತ್ತೀಯ ಎಂದು ಹೇಳದೆಯೇ ಬರಬೇಕೆಂದಿದ್ದಾರೆ. ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ಚೀಲಕ್ಕೆ ಹಾಕಿಕೊಂಡಿದ್ದಾರೆ, ಅವನ ಕೂದಲು ಕಿವಿಯ ಮೇಲೆ ಬಂದಿದೆಯಂತೆ. ಅವಳು ಆ ಬೀದಿಗೆ ಕರೆದುಕೊಂಡು ಹೋದರೆ ಸಾಕು, ದೂರ ನಿಂತು ನೋಡಿ ಬರ್ತೀನಿ, ಮನೆಗೆ ಬಾ ಅಂತ ಕೇಳೋದೂ ಇಲ್ಲ ಅಂತಾರೆ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನೀನು ಏನಾದರೂ ಹೇಳಿ ಸಮಾಧಾನ ಮಾಡೀಯ, ನಿನ್ನ ಬುದ್ಧಿ ನನಗೆ ಗೊತ್ತು. ಹಾಗೆ ಮಾಡಬೇಡ. ಎಲ್ಲೋ ನೋಡಿದ ಹಾಗಿತ್ತು ಅಂದೆಯೋ, ಅವರು ಆ ಊರಿನಲ್ಲೇ ನಡೆದು ನಡೆದು ಬೀಳುತ್ತಾರೆ. ಎಲ್ಲವೂ ಕಟ್ಟುಕಥೆ ಅಪ್ಪ, ಆ ಅಂಗಡಿ ಇಲ್ಲ, ಆ ಬೀದಿ ಇಲ್ಲ, ಆ ಮನುಷ್ಯ ಇಲ್ಲ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳು. ಅವರು ವಾಪಸ್ಸು ಬಂದು ಮಲಗಿದರೆ ಮತ್ತೆ ಏಳುತ್ತಾರೋ ಇಲ್ಲವೋ ನಾನರಿಯೆ. ಅತ್ತ ದರಿ, ಇತ್ತ ಪುಲಿ. ಆದರೂ ಮನೆಯಲ್ಲಿ ಮಲಗಲಿ. ನಾನು ನೋಡಿಕೊಳ್ಳುತ್ತೇನೆ. ಬದುಕಿದ್ದಾನೆ ಎನ್ನುವ ಹುಚ್ಚು ಇಬ್ಬರಲ್ಲಿ ಒಬ್ಬರಿಗಾದರೂ ಇರಬಾರದು, ಇಲ್ಲದಿದ್ದರೆ ಮನೆ ನಡೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣಿಗೆ ಹತ್ತಿರ ಹಿಡಿದು ಬರೆಯಬೇಡ.

ಇತಿ,
ನಿನ್ನ ಮೇಲೆ ಸಿಟ್ಟಾಗಿಯೂ ನಿನ್ನವಳೇ ಆದ
ಅಮ್ಮ

ತಾ.ಕ.: ಊಟದ ಚೌಕದಲ್ಲಿ ಅವನು ನಿಂತುಕೊಂಡೇ ಉಣ್ಣುತ್ತಿದ್ದಾನೆ, ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು. ನಮ್ಮ ಮನೆಯಲ್ಲಿ ಇದ್ದಷ್ಟು ದಿನ ಅವನು ಒಮ್ಮೆಯೂ ನಿಂತು ಉಂಡವನಲ್ಲ. ನಿಂತು ಉಣ್ಣುವಾಗ ಡಬ್ಬಿಯನ್ನು ಹಾಗೆ ಹಿಡಿಯುತ್ತಾನೆ ಎಂದು ನಿನಗೆ ಹೇಗೆ ಗೊತ್ತಾಯಿತು? ಆ ಬೀದಿ ಯಾವುದು, ನನಗೊಬ್ಬಳಿಗೆ ಬರೆ. ಟೀಚರಮ್ಮನ ವಿಳಾಸಕ್ಕೆ ಹಾಕು. ನಿಮ್ಮಪ್ಪನಿಗೆ ಹೇಳುವುದಿಲ್ಲ.